ಚಳಿಗಾಲದ ನೆಂಟರು ಬರುವ ಮೊದಲು: ಹತ್ತಿ ಹಾಸಿಗೆ ಹಿಂಜಿ ಹೊಲಿದುಕೊಡುವ ಮಂಡಿ ಮೊಹಲ್ಲಾದ ಒಂದು ಅಂಗಡಿ

ದಸರೆಗೆ ಬಂದ ನೆಂಟರು ಹೊರಟ ಮೇಲೆ ಮೈಸೂರಿನ ಮನೆಗಳಿಗೆ ಒಂದೆರಡು ತಿಂಗಳ ಬಿಡುವು ಸಿಗುತ್ತದೆ. ಡಿಸೆಂಬರ್ ಕಡೆಯ ವಾರದಲ್ಲಿ ಅರಮನೆ ಅಂಗಳದ ಫಲಪುಷ್ಪ ಪ್ರದರ್ಶನವನ್ನೂ ಸಂತ ಫಿಲೋಮಿನಾ ಚರ್ಚಿನ ಕ್ರಿಸ್‌ಮಸ್ ದೀಪಗಳನ್ನೂ ನೋಡಲು ಬರುವವರು, ಸಾಮಾನ್ಯವಾಗಿ ಚಳಿಗಾಲದಲ್ಲೇ ನಡೆಯುವ ರಂಗಾಯಣದ ಬಹುರೂಪಿ ನಾಟಕೋತ್ಸವಕ್ಕೆ ಬರುವವರು, ಜನವರಿ 14 ಅಥವಾ 15ರ ಸಂಕ್ರಾಂತಿಯ ಸಂಜೆ ಸಿದ್ದಲಿಂಗಪುರದಲ್ಲಿ ದನಗಳಿಗೆ ಕಿಚ್ಚು ಹಾಯಿಸುವುದನ್ನು ಮಕ್ಕಳಿಗೆ ತೋರಿಸಬೇಕೆಂದು ಬೆಂಗಳೂರಿನಿಂದ ಹೊರಟು ಬರುವವರು, ಹೀಗೆ ಮನೆ ಮತ್ತೆ ತುಂಬುತ್ತದೆ. ಬಂದವರಿಗೆ ಅಡುಗೆ ಮಾಡಿ ಬಡಿಸುವುದು ನಮ್ಮ ಕಡೆ ಯಾರಿಗೂ ಹೊಸದಲ್ಲ. ಎರಡು ಕೋಣೆಯ ಮನೆಯಲ್ಲಿ ಎಂಟು ಜನರನ್ನು ಚಳಿಯಲ್ಲಿ ಬೆಚ್ಚಗೆ ಮಲಗಿಸುವುದು ಮಾತ್ರ ಕಷ್ಟದ ಕೆಲಸ, ಮತ್ತು ನಾವು ಚಳಿಗಾಲದ ತಯಾರಿಯೆಂದು ಮಾಡುವ ಖರ್ಚಿನಲ್ಲಿ ಬಹುಪಾಲು ಈ ಕಡೆಗೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಂಡಿ ಮೊಹಲ್ಲಾದ ಒಳಬೀದಿಯೊಂದರಲ್ಲಿ ಹಳೆಯ ಹತ್ತಿ ಹಾಸಿಗೆಗಳನ್ನು ಬಿಚ್ಚಿ, ಅರಳೆಯನ್ನು ಹಿಂಜಿ, ಹೊಸ ಗವಸು ಹಾಕಿ ಹೊಲಿದುಕೊಡುವ ಒಂದು ಅಂಗಡಿಯಿದೆ. ಅದಕ್ಕೆ ಫಲಕವಿಲ್ಲ. ತಂದೆ ಮತ್ತು ಮಗ ಸೇರಿ ನಡೆಸುವ, ಮೂರು ಹಾಸಿಗೆ ಒಟ್ಟಿಗೆ ಹರಡಿದರೆ ಕಾಲಿಡಲು ಜಾಗವಿಲ್ಲದಂಥ ಅಂಗಡಿ ಅದು. ನಮ್ಮ ಮನೆಯ ಅಟ್ಟದಲ್ಲಿ ಸುರುಳಿಯಾಗಿ ಬಿದ್ದಿದ್ದ ನಾಲ್ಕು ಹಾಸಿಗೆ ಮತ್ತು ಒಂದಷ್ಟು ದಿಂಬುಗಳನ್ನು ಈ ಬಾರಿ ಅಲ್ಲಿಗೆ ಕೊಟ್ಟು ಮಾಡಿಸಿದೆ. ಕೆಲಸ ಚೆನ್ನಾಗಿದೆ, ಬೆಲೆ ನ್ಯಾಯವಾಗಿದೆ, ಹೇಳಿದ ದಿನಕ್ಕೆ ಕೊಡುವುದರಲ್ಲಿ ಮಾತ್ರ ಕೊರತೆಯಿದೆ. ಅಟ್ಟದಲ್ಲಿ ಹತ್ತಿ ಹಾಸಿಗೆ ಇರುವ ಯಾವ ಮನೆಯವರೂ ಅದನ್ನು ಗುಜರಿಗೆ ಹಾಕಿ ಹೊಸ ಫೋಮ್ ಹಾಸಿಗೆ ಕೊಳ್ಳುವ ಮೊದಲು ಇಂಥದೊಂದು ಅಂಗಡಿಯನ್ನು ಹುಡುಕಿ ಹೋಗಬೇಕೆಂದು ಧೈರ್ಯವಾಗಿ ಹೇಳುತ್ತೇನೆ.

ಈ ಕೆಲಸಕ್ಕೆ ಮಳೆ ನಿಂತು ಚಳಿ ಹಿಡಿಯುವ ಮೊದಲಿನ ಕಾಲವೇ ಸರಿಯಾದುದು. ಮೈಸೂರಿನಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಮಳೆ ಜೋರು, ಮತ್ತು ಆ ಎರಡು ತಿಂಗಳಲ್ಲಿ ಅಟ್ಟದಲ್ಲಿರುವ ಹತ್ತಿ ಗಾಳಿಯ ತೇವವನ್ನೆಲ್ಲ ಹೀರಿಕೊಂಡು ಕೂರುತ್ತದೆ. ಮುಟ್ಟಿದರೆ ಒಣಗಿದಂತೆಯೇ ಕಾಣುವ ಹತ್ತಿ ಕೂಡ ಸಾಧಾರಣ ಹವೆಯಲ್ಲಿ ತನ್ನ ತೂಕದ ಶೇ. 7ರಿಂದ 8ರಷ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಎಂದರೆ 12 ಕಿಲೋ ತೂಗುವ ಒಂದು ಹಾಸಿಗೆಯಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ನೀರೇ ಇರುತ್ತದೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹತ್ತಿ ನಮ್ಮನ್ನು ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ವರ್ಷಗಟ್ಟಲೆ ಮೈಭಾರಕ್ಕೆ ಸಿಕ್ಕು, ತೇವಕ್ಕೆ ಅಂಟಿಕೊಂಡು, ಅರಳೆ ಗಂಟುಗಂಟಾದಾಗ ಆ ಗಾಳಿಗೆ ಜಾಗವೇ ಉಳಿಯುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗಿಳಿಯುತ್ತದೆ. ಇದು ಮಹಾ ಚಳಿಯೇನಲ್ಲ. ಆದರೆ ಹಳೆಯ ಮನೆಗಳ ಕೆಂಪು ಗಾರೆ ನೆಲದ ಮೇಲೆ ಇಂಥ ಗಂಟು ಹಾಸಿಗೆ ಹಾಸಿ ಮಲಗಿದವರಿಗೆ ಮಧ್ಯರಾತ್ರಿಯ ಹೊತ್ತಿಗೆ ನೆಲದ ಥಂಡಿ ಬೆನ್ನಿಗೆ ತಾಗುತ್ತದೆ. ಮೇಲೆ ಎಷ್ಟು ಹೊದ್ದರೂ ಪ್ರಯೋಜನವಾಗುವುದಿಲ್ಲ. ಇನ್ನೂ ಎರಡು ರಗ್ಗು ಕೊಂಡುತರುವ ಬದಲು ಕೆಳಗಿನ ಹಾಸಿಗೆಯನ್ನು ಸರಿಮಾಡಿಸಿದರೆ ಆ ರಗ್ಗುಗಳ ಅಗತ್ಯವೇ ಬೀಳುವುದಿಲ್ಲ.

ಅಂಗಡಿಯಲ್ಲಿ ಮೊದಲು ನಡೆಯುವುದು ತೂಕ. ನಮ್ಮ ಹಾಸಿಗೆಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ, ಚೀಟಿಯಲ್ಲಿ ಬರೆದು, ಆಮೇಲೆ ಒಂದು ಹಾಸಿಗೆಯ ಅಂಚನ್ನು ಬ್ಲೇಡಿನಿಂದ ಗೇಣುದ್ದ ಬಿಚ್ಚಿದರು. ತಂದೆ ಒಳಗೆ ಕೈ ಹಾಕಿ ಒಂದು ಹಿಡಿ ಅರಳೆಯನ್ನು ಹೊರಗೆಳೆದರು. ಅದು ಹೊರನೋಟಕ್ಕೆ ಕಂದುಬಣ್ಣಕ್ಕೆ ತಿರುಗಿದ ಗಟ್ಟಿ ಮುದ್ದೆ. ಬೆರಳಿನಿಂದ ಆ ಮುದ್ದೆಯನ್ನು ಬಿಡಿಸಿ, ಒಳಗಿನ ಬೆಳ್ಳಗಿನ ಭಾಗವನ್ನು ಮುಷ್ಟಿಯಲ್ಲಿ ಬಲವಾಗಿ ಹಿಸುಕಿ ಹಿಡಿದು, ಅಂಗೈ ಬಿಚ್ಚಿ ತೋರಿಸಿದರು. ಅರಳೆ ನಿಧಾನವಾಗಿ ಮೇಲೆದ್ದು ಅಂಗೈ ತುಂಬಿತು. "ನೋಡಿ ಅಮ್ಮಾ, ಒರಟು ಎಳೆ, ಇನ್ನೂ ಚಿಮ್ಮುತ್ತೆ. ಇದನ್ನ ಬಿಸಾಕಬೇಡಿ. ಒಂದೊಂದಕ್ಕೆ ಎರಡು ಕೆಜಿ ಹೊಸದು ಸೇರಿಸಿದರೆ ಸಾಕು" ಎಂದರು. ನಾಲ್ಕನೆಯ ಹಾಸಿಗೆಯ ಅರಳೆ ಮುಷ್ಟಿ ಬಿಚ್ಚಿದರೂ ಮುದ್ದೆಯಾಗಿಯೇ ಉಳಿಯಿತು. ಅದು ಮತ್ತೆ ಹಾಸಿಗೆಗೆ ಬಾರದೆಂದೂ ಕಾಲೊರಸಿನ ಒಳಗೆ ತುಂಬಲು ಮಾತ್ರ ಆಗುವುದೆಂದೂ ಅವರೇ ಹೇಳಿದರು. ಹಿಂಜುವ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವುದರಿಂದ, ಕೆಟ್ಟ ಅರಳೆಯನ್ನೂ ಹಿಂಜಿ ದುಡ್ಡು ತೆಗೆದುಕೊಳ್ಳುವ ಅವಕಾಶ ಅವರಿಗಿತ್ತು. ಈ ಅಂಗಡಿಯ ಮೇಲೆ ನನಗೆ ನಂಬಿಕೆ ಬಂದದ್ದು ಇಲ್ಲಿಯೇ.

ಹಾಸಿಗೆಗೆ ಒರಟಾದ, ಗಿಡ್ಡ ಎಳೆಯ ಹತ್ತಿಯೇ ಒಳ್ಳೆಯದೆಂಬುದನ್ನು ಕೊಳ್ಳುವವರು ತಿಳಿದಿರಬೇಕು. ನುಣುಪಾದ ಉದ್ದ ಎಳೆಯ ಹತ್ತಿ ನೂಲಿಗೆ ಬೆಲೆಬಾಳುತ್ತದೆಯಾದರೂ ಹಾಸಿಗೆಯೊಳಗೆ ಬೇಗ ಒತ್ತಿಕೊಂಡು ಚಪ್ಪಟೆಯಾಗುತ್ತದೆ. ನಮ್ಮ ಜಿಲ್ಲೆಯ ಎಚ್.ಡಿ. ಕೋಟೆ, ಸರಗೂರು ಕಡೆ ಹತ್ತಿ ಬೆಳೆಯುತ್ತಾರೆಂದು ಅಲ್ಲಿಂದ ನೇರವಾಗಿ ತಂದು ತುಂಬಿಸಬಹುದೆಂದುಕೊಳ್ಳುವವರು ಇದನ್ನು ನೆನಪಿಡಬೇಕು. ಹೊಸದಾಗಿ ಸೇರಿಸುವ ಅರಳೆಯಲ್ಲಿ ಮೋಸಕ್ಕೆ ಹೆಚ್ಚು ಅವಕಾಶವಿದೆ. ಪಾಲಿಯೆಸ್ಟರ್ ಬೆರೆತ ಗಿರಣಿ ತ್ಯಾಜ್ಯವನ್ನು ಹತ್ತಿಯೆಂದು ಮಾರುವುದುಂಟು. ಒಂದು ಚಿಟಿಕೆ ಅರಳೆಗೆ ಕಡ್ಡಿ ಗೀರಿ ನೋಡಿದರೆ ವಿಷಯ ಗೊತ್ತಾಗುತ್ತದೆ: ಶುದ್ಧ ಹತ್ತಿ ಕಾಗದ ಸುಟ್ಟ ವಾಸನೆ ಬೀರುತ್ತ ಉರಿದು, ಮುಟ್ಟಿದರೆ ಪುಡಿಯಾಗುವ ಮೆದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗಿ ಉಳಿಯುತ್ತದೆ. ಅರಳೆಯ ರಾಶಿಯ ಬಳಿ ಕಡ್ಡಿ ಗೀರುವುದು ಅಪಾಯವಾದ್ದರಿಂದ ಈ ಪರೀಕ್ಷೆಯನ್ನು ಬೀದಿಗೆ ಬಂದು ಮಾಡಬೇಕು. ನಾನು ಕೇಳಿದಾಗ ಮಗ ಬೇಸರಿಸದೆ ಚಿಟಿಕೆ ಅರಳೆ ತಂದು ಬಾಗಿಲಿನಾಚೆ ತಾನೇ ಸುಟ್ಟು ತೋರಿಸಿದ.

ಹಿಂದೆ ಪಿಂಜಾರರು ಎಂದರೆ ನದಾಫರು ಬೀದಿಬೀದಿಗೆ ಬಂದು, ತಂತಿ ಬಿಗಿದ ದೊಡ್ಡ ಬಿಲ್ಲನ್ನು ಮರದ ಕೊಡತಿಯಿಂದ ಮೀಟಿ ಹತ್ತಿ ಹಿಂಜುತ್ತಿದ್ದರು. ಆ ಬಿಲ್ಲಿನ ನಾದ ಕೇಳಿ ಮನೆಯವರು ಹಾಸಿಗೆಗಳನ್ನು ಜಗಲಿಗೆ ತರುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇಂದಿಗೂ ನೆನೆಯುತ್ತಾರೆ. ಈಗ ಅಂಗಡಿಯ ಹಿಂಭಾಗದಲ್ಲಿ ಮೋಟಾರಿನಿಂದ ತಿರುಗುವ ಯಂತ್ರವಿದೆ. ಕಬ್ಬಿಣದ ಮುಳ್ಳುಗಳಿರುವ ಉರುಳೆಗೆ ಒಂದು ಕಡೆಯಿಂದ ಗಂಟು ಅರಳೆಯನ್ನು ಉಣಿಸಿದರೆ ಇನ್ನೊಂದು ಕಡೆಯಿಂದ ಅದು ಹಗುರಾಗಿ ಉಬ್ಬಿ ಹಾರಿಬಂದು ಬೀಳುತ್ತದೆ. ಹಳೆಯ ಬಿಲ್ಲಿಗೆ ಹೋಲಿಸಿದರೆ ಯಂತ್ರದ ಕೆಲಸ ಬಲು ಬೇಗ ಮುಗಿಯುತ್ತದೆ. ಆದರೆ ಪ್ರತಿ ಸಲ ಹಿಂಜಿದಾಗಲೂ ಒಂದಷ್ಟು ಎಳೆ ತುಂಡಾಗಿ ದೂಳಾಗಿ ಹೋಗುತ್ತದೆ. ಹಾಗಾಗಿ ಕೊಟ್ಟ ತೂಕಕ್ಕಿಂತ ಬಂದ ತೂಕ ಸ್ವಲ್ಪ ಕಡಿಮೆಯಾದರೆ ಅಂಗಡಿಯವರನ್ನು ಅನುಮಾನಿಸಬಾರದು. ತೀರಾ ಕಡಿಮೆಯಾದರೆ ಕೇಳಲೇಬೇಕು. ನಮ್ಮ ಸರದಿ ಬಂದಾಗ ಯಂತ್ರದೊಳಗೆ ಹಿಂದಿನವರ ಹತ್ತಿ ಉಳಿಯದಂತೆ ಗುಡಿಸಿ ತೆಗೆಯಿರೆಂದು ಹೇಳಿದ್ದಕ್ಕೆ ಅವರು ಒಪ್ಪಿ ಹಾಗೆಯೇ ಮಾಡಿದರು. ಸಾಧ್ಯವಾದರೆ ಆ ಹೊತ್ತಿಗೆ ಅಲ್ಲಿಯೇ ನಿಂತಿರುವುದು ಉತ್ತಮ. ಯಾರದೋ ಮನೆಯ ತಿಗಣೆ ನಮ್ಮ ಹಾಸಿಗೆಗೆ ಬರಬಾರದಲ್ಲ.

ಆ ದೂಳಿನ ಬಗ್ಗೆ ನನ್ನ ಆಕ್ಷೇಪವನ್ನು ಸ್ಪಷ್ಟವಾಗಿ ಹೇಳಲೇಬೇಕು. ಹತ್ತಿಯ ದೂಳನ್ನು ವರ್ಷಗಳ ಕಾಲ ಉಸಿರಾಡುವವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ. ಗಿರಣಿ ಕಾರ್ಮಿಕರಲ್ಲಿ ಇದು ಬಹಳ ಹಿಂದೆಯೇ ಗುರುತಾಗಿರುವ ರೋಗ. ಈ ಅಂಗಡಿಯ ಯಂತ್ರದ ಕೋಣೆಯಲ್ಲಿ ಒಂದು ಚಿಕ್ಕ ಕಿಟಕಿ ಬಿಟ್ಟರೆ ಗಾಳಿ ಹೊರಹೋಗುವ ದಾರಿಯಿಲ್ಲ, ಕೆಲಸ ಮಾಡುವ ಹುಡುಗ ಮುಖಕ್ಕೆ ಕಟ್ಟಿಕೊಂಡಿದ್ದದ್ದು ಬರಿಯ ಟವೆಲ್ಲು. ಒಂದು ಎಕ್ಸಾಸ್ಟ್ ಫ್ಯಾನು ಮತ್ತು ಒಳ್ಳೆಯ ಮಾಸ್ಕಿನ ಖರ್ಚನ್ನು ಗಿರಾಕಿಗಳ ಮೇಲೆ ಕಿಲೋಗೆ ಎರಡು ರೂಪಾಯಿ ಹೆಚ್ಚಿಗೆ ಹಾಕಿ ವಸೂಲು ಮಾಡಿದರೂ ನಾನು ಸಂತೋಷದಿಂದ ಕೊಡುತ್ತೇನೆ, ಈ ಮಾತನ್ನು ಅವರಿಗೂ ಹೇಳಿ ಬಂದಿದ್ದೇನೆ.

ಹೊಲಿಗೆ ಈ ಅಂಗಡಿಯ ಹೆಚ್ಚುಗಾರಿಕೆ. ಗವಸಿನ ಮೂರು ಬದಿಯನ್ನು ಮೊದಲೇ ಯಂತ್ರದಲ್ಲಿ ಹೊಲಿದು, ಹಿಂಜಿದ ಅರಳೆಯನ್ನು ಪದರ ಪದರವಾಗಿ ಹರಡುತ್ತ ತುಂಬುತ್ತಾರೆ. ಮೂಲೆಗಳಿಗೆ ಮೊದಲು, ನಡುವಿಗೆ ಕಡೆಗೆ. ತುಂಬಿದ ಮೇಲೆ ತೆಳ್ಳನೆಯ ಬಿದಿರು ಕೋಲಿನಿಂದ ಮೇಲೆಲ್ಲ ಬಡಿದು ಸಮಮಾಡಿ, ನಾಲ್ಕನೆಯ ಬದಿಯನ್ನು ಕೈಯಲ್ಲಿ ಹೊಲಿಯುತ್ತಾರೆ. ಆಮೇಲೆ ಅಂಚಿನ ಸುತ್ತ ಬೆರಳು ದಪ್ಪದ ಏಣು ಎತ್ತಿ, ದಬ್ಬಳಕ್ಕೆ ಹುರಿ ಪೋಣಿಸಿ, ಮೇಲಿನಿಂದ ಕೆಳಕ್ಕೆ ಹಾಯಿಸಿ ಎಳೆದು, ಗೇಣಿಗೊಂದರಂತೆ ಗಂಟು ಹಾಕುತ್ತಾರೆ. ಅರಳೆ ಒಂದೇ ಕಡೆ ಸರಿದು ಗುಡ್ಡೆಯಾಗದಂತೆ ಹಿಡಿದಿಡುವುದು ಈ ಗಂಟುಗಳೇ. ಕೆಲಸ ಬೇಗ ಮುಗಿಯಲೆಂದು ಗಂಟುಗಳನ್ನು ಮೊಳಕ್ಕೊಂದರಂತೆ ಹಾಕುವವರಿದ್ದಾರೆ. ಅಂಥ ಹಾಸಿಗೆ ಒಂದೇ ವರ್ಷದಲ್ಲಿ ನಡುವೆ ಹಳ್ಳ ಬೀಳುತ್ತದೆ. ನನಗೆ ಸಿಕ್ಕ ಮೂರು ಹಾಸಿಗೆಗಳಲ್ಲಿ ಎರಡು ಎಲ್ಲ ರೀತಿಯಿಂದಲೂ ಅಚ್ಚುಕಟ್ಟಾಗಿದ್ದವು. ಮೂರನೆಯದರ ಒಂದು ಮೂಲೆಯಲ್ಲಿ ಅರಳೆ ಸಾಲದೆ ಸಡಿಲವಾಗಿತ್ತು. ತೋರಿಸಿದ ಕೂಡಲೇ ಆ ಮೂಲೆ ಬಿಚ್ಚಿ ತುಂಬಿಕೊಟ್ಟರು, ಬೇರೆ ದುಡ್ಡು ಕೇಳಲಿಲ್ಲ.

ದಿಂಬುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಹಳೆಯ ಮನೆಗಳ ದಿಂಬುಗಳಲ್ಲಿ ಅನೇಕ ಸಲ ಬೂರುಗದ ಅರಳೆಯಿರುತ್ತದೆ. ಅದರ ಎಳೆ ಒಳಗೆ ಟೊಳ್ಳು, ಆದ್ದರಿಂದ ಬಹಳ ಹಗುರ. ಆದರೆ ಮುರಿಯುವ ಸ್ವಭಾವದ್ದು. ಅದನ್ನು ಮುಳ್ಳಿನ ಯಂತ್ರಕ್ಕೆ ಕೊಟ್ಟರೆ ಪುಡಿಯಾಗುತ್ತದೆ. ಕೈಯಿಂದಲೇ ಬಿಡಿಸಿ, ಬಿಸಿಲಿಗೆ ಹರಡಿ, ಒತ್ತಾದ ನೇಯ್ಗೆಯ ಗವಸಿಗೆ ತುಂಬಿಸಬೇಕು. ಬಟ್ಟೆ ಜಾಳಾಗಿದ್ದರೆ ಸಣ್ಣ ಎಳೆಗಳು ಹೊರಬಂದು ಮಲಗಿದವರ ಮೂಗಿಗೆ ಹೋಗುತ್ತವೆ. ಅಂಗಡಿಯವರಿಗೆ ಇದು ಗೊತ್ತಿತ್ತು, ನಾನು ಹೇಳಬೇಕಾಗಲಿಲ್ಲ.

ಬಿಲ್ಲಿನಲ್ಲಿ ನಾಲ್ಕು ಬಾಬುಗಳಿರುತ್ತವೆ: ಹಿಂಜುವ ಕೂಲಿ ಕಿಲೋ ಲೆಕ್ಕ, ಸೇರಿಸಿದ ಹೊಸ ಅರಳೆ ಕಿಲೋ ಲೆಕ್ಕ, ಗವಸಿನ ಬಟ್ಟೆ ಮೀಟರ್ ಲೆಕ್ಕ, ಹೊಲಿಗೆ ಹಾಸಿಗೆ ಲೆಕ್ಕ. ಒಟ್ಟು ಮೊತ್ತ ಹೇಳಿದರೆ ಒಪ್ಪಿಕೊಳ್ಳದೆ ಈ ನಾಲ್ಕನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಬೇಕು. ಒಬ್ಬರು ಮಲಗುವ ಒಂದು ಹಾಸಿಗೆಗೆ ನನಗೆ ತಗುಲಿದ ಖರ್ಚು, ಅದೇ ಅಳತೆಯ ಮಧ್ಯಮ ದರ್ಜೆಯ ಫೋಮ್ ಹಾಸಿಗೆಗೆ ಅಂಗಡಿಗಳಲ್ಲಿ ಹೇಳಿದ ಬೆಲೆಯ ಅರ್ಧಕ್ಕಿಂತ ಕಡಿಮೆ. ಬಟ್ಟೆಯನ್ನು ಬೇಕಾದರೆ ನಾವೇ ತಂದುಕೊಡಬಹುದು. ಅಂಗಡಿಯಲ್ಲಿರುವ ಪಟ್ಟೆ ಬಟ್ಟೆ ಗಟ್ಟಿಯಾಗಿದ್ದರೂ ಬಣ್ಣಗಳ ಆಯ್ಕೆ ಬಹಳ ಕಡಿಮೆ. ಸಮಯಪಾಲನೆಯ ಕೊರತೆಯನ್ನು ಮೊದಲೇ ಹೇಳಿದೆ: ಶನಿವಾರ ಬನ್ನಿ ಎಂದವರು ಮುಂದಿನ ವಾರ ಕೊಟ್ಟರು, ಅದಕ್ಕೂ ನಾವೇ ಫೋನ್ ಮಾಡಿ ವಿಚಾರಿಸಬೇಕಾಯಿತು. ಮನೆಗೆ ತಂದುಕೊಡುವ ವ್ಯವಸ್ಥೆಯೂ ಇಲ್ಲ. ಹಿಂಜಿದ ಮೇಲೆ ಹಾಸಿಗೆ ಉಬ್ಬಿರುವುದರಿಂದ, ಹೋಗುವಾಗ ಒಂದೇ ಆಟೋದಲ್ಲಿ ಹೋದದ್ದು ಬರುವಾಗ ಎರಡು ಆಟೋ ಬೇಡುತ್ತದೆ. ಗೂಡ್ಸ್ ಆಟೋ ಹೇಳಿಕೊಂಡು ಹೋಗುವುದು ಲೇಸು.

ಫೋಮ್ ಹಾಸಿಗೆಯ ಬಗ್ಗೆ ನನಗೆ ದ್ವೇಷವಿಲ್ಲ. ಅದು ಮೈಶಾಖವನ್ನು ಚೆನ್ನಾಗಿ ಹಿಡಿದಿಡುತ್ತದೆ, ಚಳಿಗಾಲಕ್ಕೆ ಅದೊಂದು ಗುಣವೇ. ಹಗುರವಾದ್ದರಿಂದ ಒಬ್ಬರೇ ಎತ್ತಬಹುದು. ಆದರೆ ಅದನ್ನು ಬಿಸಿಲಿಗೆ ಹಾಕುವಂತಿಲ್ಲ, ಬಿಸಿಲಿಗೆ ಹಳದಿಗಟ್ಟಿ ಪುಡಿಯಾಗುತ್ತದೆ. ಕುಗ್ಗಿದರೆ ಮತ್ತೆ ಉಬ್ಬಿಸುವ ಉಪಾಯವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ವರ್ಷದಲ್ಲಿ ಹತ್ತಾರು ದಿನ ಬರುವ ನೆಂಟರಿಗಾಗಿ ನಾಲ್ಕು ದಪ್ಪ ಹಾಸಿಗೆಗಳನ್ನು ಇಡಲು ಸಣ್ಣ ಮನೆಯಲ್ಲಿ ಜಾಗವೆಲ್ಲಿದೆ? ಹತ್ತಿ ಹಾಸಿಗೆಯನ್ನು ಸುತ್ತಿ ಹಗ್ಗ ಬಿಗಿದು ಗೋಡೆಗೆ ನಿಲ್ಲಿಸಬಹುದು. ಮಂಡಿನೋವಿರುವ ಹಿರಿಯರಿಗೆ ಮಾತ್ರ ನೆಲದ ಹಾಸಿಗೆ ಸಲ್ಲದು. ಅವರಿಗೆ ಮಂಚ ಬಿಟ್ಟುಕೊಟ್ಟು ಮನೆಯವರು ನೆಲಕ್ಕಿಳಿಯಬೇಕು.

ಹಾಸಿಗೆ ಮನೆಗೆ ಬಂದ ಮೇಲಿನ ಆರೈಕೆ ನಮ್ಮದು. ಹೊಸದಾಗಿ ಹೊಲಿದ ಹಾಸಿಗೆಗೆ ಒಂದೆರಡು ದಿನ ಪೂರ್ತಿ ಬಿಸಿಲು ಕಾಣಿಸಿ ಆಮೇಲೆ ಮೇಲುಹೊದಿಕೆ ಹಾಕಬೇಕು. ಚಳಿಗಾಲದಲ್ಲಿ ಬಿಸಿಲು ಎಲ್ಲಿ ಬೀಳುತ್ತದೆಂಬುದನ್ನು ಗಮನಿಸಿದರೆ ಕೆಲಸ ಹಗುರ. ಏಪ್ರಿಲ್‌ನಲ್ಲಿ ನಡು ಮಧ್ಯಾಹ್ನ ನೆತ್ತಿಯ ಮೇಲೆ ಬರುವ ಸೂರ್ಯ ಡಿಸೆಂಬರ್ ಕಡೆಯಲ್ಲಿ ಮೈಸೂರಿನಲ್ಲಿ ದಕ್ಷಿಣದ ಕಡೆ ಸುಮಾರು 54 ಡಿಗ್ರಿ ಎತ್ತರಕ್ಕೆ ಮಾತ್ರ ಏರುತ್ತಾನೆ. ಹೀಗಾಗಿ ಬೇಸಿಗೆಯಲ್ಲಿ ನೆರಳಿರುವ ದಕ್ಷಿಣದ ಬಾಲ್ಕನಿ ಅಥವಾ ಜಗಲಿಯ ಒಳಗೆ ಈ ತಿಂಗಳುಗಳಲ್ಲಿ ಬಿಸಿಲು ಚೆನ್ನಾಗಿ ಬರುತ್ತದೆ. ತಾರಸಿಗೆ ಹೊತ್ತೊಯ್ಯಲು ಆಗದವರು ಅಲ್ಲಿಯೇ ಒಣಗಿಸಬಹುದು. ಬೆಳಗಿನ ಇಬ್ಬನಿ ಪೂರ್ತಿ ಆರಿದ ಮೇಲೆ, ಎಂದರೆ ಹತ್ತು ಗಂಟೆಯ ಸುಮಾರಿಗೆ ಹಾಕಿ, ಮಧ್ಯಾಹ್ನ ಮಗುಚಿ, ಮೂರೂವರೆಯೊಳಗೆ ಒಳಗೆ ತರಬೇಕು. ಸಂಜೆಯವರೆಗೆ ಬಿಟ್ಟರೆ ಹಗಲೆಲ್ಲ ಬಿಟ್ಟುಕೊಟ್ಟ ತೇವವನ್ನು ಹತ್ತಿ ಮತ್ತೆ ಹೀರಲು ತೊಡಗುತ್ತದೆ. ದೂಳುಹುಳಗಳು ಬದುಕುವುದು ತೇವದ ಆಸರೆಯಿಂದಲೇ ಆದ್ದರಿಂದ ಹೀಗೆ ಆಗಾಗ ಒಣಗಿಸಿದ ಹಾಸಿಗೆಯಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ, ಅಸ್ತಮಾ ಅಥವಾ ಸೀನಿನ ತೊಂದರೆಯಿರುವ ನೆಂಟರಿಗೆ ಇದರಿಂದ ಉಪಕಾರ. ತಿಗಣೆಗೆ ಮಾತ್ರ ಡಿಸೆಂಬರಿನ ಬಿಸಿಲು ಸಾಲದು. ಅದು ಕಂಡರೆ ಬೇರೆಯೇ ಚಿಕಿತ್ಸೆ ಬೇಕು.

ಹೊದಿಕೆಗಳ ಮಾತೂ ಇದರೊಂದಿಗೆ ಸೇರುತ್ತದೆ. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಉಣ್ಣೆಯ ಹೊದಿಕೆಗಳನ್ನು ನೆಂಟರು ಬರುವ ದಿನ ತೆಗೆದು ಕೊಡುವುದು ಸರಿಯಲ್ಲ. ನ್ಯಾಫ್ತಲೀನ್ ವಾಸನೆ ತಲೆನೋವು ತರುತ್ತದೆ. ಅದಕ್ಕಿಂತ ಗಂಭೀರವಾದ ವಿಷಯವೆಂದರೆ, ಜಿ6ಪಿಡಿ ಕೊರತೆ ಎಂಬ ಹುಟ್ಟಿನಿಂದ ಬರುವ ತೊಂದರೆಯಿರುವ ಹಸುಗೂಸುಗಳಿಗೆ ನ್ಯಾಫ್ತಲೀನ್ ಸೋಕಿದ ಬಟ್ಟೆ ಹೊದಿಸಿದರೆ ರಕ್ತಕಣಗಳು ಒಡೆದು ಜೀವಕ್ಕೇ ಅಪಾಯವಾಗಬಹುದು. ಬಾಣಂತಿ, ಮಗು ಬರುವವರಿದ್ದರೆ ಅಂಥ ಹೊದಿಕೆಯನ್ನು ಅವರ ಹತ್ತಿರವೇ ತರಬಾರದು. ಒಗೆದ ಹತ್ತಿಯ ರಜಾಯಿ ಕೊಡಬೇಕು. ಕುರಿಯುಣ್ಣೆಯ ಕರಿ ಕಂಬಳಿಗೆ ನೇಯುವಾಗ ಹುಣಸೆಬೀಜದ ಗಂಜಿ ಹಾಕಿರುತ್ತಾರೆ, ಹಾಗಾಗಿ ತೇವ ತಗುಲಿದರೆ ಹುಳು ಬೇಗ ಹಿಡಿಯುತ್ತದೆ. ಅದನ್ನು ಕೊಡವಿ ಬಿಸಿಲು ಕಾಯಿಸಿ ಹಾಸಿಗೆಯ ಕೆಳಗೆ ನೆಲದ ಮೇಲೆ ಹಾಸಿದರೆ ನೆಲದ ಥಂಡಿ ಮೇಲೇರುವುದಿಲ್ಲ. ಹೊದ್ದರೆ ಚುಚ್ಚುತ್ತದೆಂದು ಮೂಲೆಗೆ ಸೇರಿದ ಎಷ್ಟೋ ಕಂಬಳಿಗಳಿಗೆ ಇದು ಒಳ್ಳೆಯ ಉಪಯೋಗ. ಕೆಳಗೆ ಕಂಬಳಿ, ಅದರ ಮೇಲೆ ಚಾಪೆ, ಅದರ ಮೇಲೆ ಹಿಂಜಿದ ಹಾಸಿಗೆ, ಇಷ್ಟಿದ್ದರೆ ನಮ್ಮೂರಿನ ಜನವರಿಗೆ ಒಂದು ಸಾಧಾರಣ ಹೊದಿಕೆ ಧಾರಾಳವಾಗಿ ಸಾಕು.

ಇನ್ನು ಈ ಹಾಸಿಗೆಗಳು ಹಗಲಿನಲ್ಲಿಯೂ ಕೆಲಸಕ್ಕೆ ಬರುತ್ತವೆಂಬುದನ್ನು ಹೇಳದಿದ್ದರೆ ವಿಮರ್ಶೆ ಅರ್ಧವಾಗುತ್ತದೆ. ನೆಂಟರು ಬಂದ ಸಂಜೆ ಸೋಫಾ, ಕುರ್ಚಿಗಳನ್ನು ಗೋಡೆಗೆ ಸರಿಸಿ, ಹಾಲಿನಲ್ಲಿ ಎರಡು ಹಾಸಿಗೆ ಉದ್ದಕ್ಕೆ ಹಾಸಿ, ಮೇಲೆ ಜಮಖಾನ ಹೊದಿಸಿ, ಗೋಡೆಯುದ್ದಕ್ಕೂ ಒರಗುದಿಂಬು ಇಟ್ಟರೆ ಹತ್ತು ಹನ್ನೆರಡು ಜನ ಆರಾಮಾಗಿ ಕುಳಿತುಕೊಳ್ಳುತ್ತಾರೆ. ನಮ್ಮ ಸೀಮೆಯಲ್ಲಿ ಡಿಸೆಂಬರ್, ಜನವರಿಯೆಂದರೆ ಅವರೆಕಾಯಿ ಕಾಲ, ಇಬ್ಬನಿ ಬಿದ್ದ ಮೇಲೆ ಅದರ ಸೊಗಡು ಏರುತ್ತದೆ. ದೇವರಾಜ ಮಾರುಕಟ್ಟೆಯಿಂದಲೋ ಬೀದಿಗೆ ಬರುವ ತಳ್ಳುಗಾಡಿಯಿಂದಲೋ ಕಾಯಿ ತಂದು, ಮಧ್ಯಾಹ್ನವೇ ಸುಲಿದು, ಕಾಳನ್ನು ನೀರಿನಲ್ಲಿ ನೆನೆಹಾಕಿಟ್ಟರೆ, ಸಂಜೆ ಆ ದೊಡ್ಡ ಪಾತ್ರೆಯನ್ನು ಎಲ್ಲರ ನಡುವೆ ಇಟ್ಟು ಹಿತಕುತ್ತ ಕೂರಬಹುದು. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆಯಿಂದ ಬೇಳೆ ಪಟಕ್ಕನೆ ಹೊರಗೆ ಚಿಮ್ಮುತ್ತದೆ. ಮಕ್ಕಳಿಗೆ ಇದು ಆಟ, ದೊಡ್ಡವರಿಗೆ ಮಾತಿನ ಜೊತೆಗೆ ಕೈಗೆ ಕೆಲಸ. ಮನೆಯಾಕೆ ಒಬ್ಬರೇ ಅಡುಗೆಮನೆಯಲ್ಲಿ ನಿಂತು ದಣಿಯುವ ಬದಲು ನೆಂಟರೆಲ್ಲ ಸೇರಿ ಅಡುಗೆಯ ಅತಿ ದೊಡ್ಡ ಭಾಗವನ್ನು ಮುಗಿಸಿರುತ್ತಾರೆ. ಹಿತಕಿದ ಬೇಳೆಯ ಸಾರು, ಬಿಸಿ ಮುದ್ದೆ, ಅನ್ನ, ಒಂದು ಕೋಸಂಬರಿ. ಇದರ ಮೇಲೆ ಆ ರಾತ್ರಿಗೆ ಮತ್ತೇನೂ ಬೇಡ. ಮರುದಿನ ಬೆಳಗ್ಗೆ ಉಳಿದ ಬೇಳೆಯನ್ನು ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿದರೆ ತಿಂಡಿಯೂ ಆಯಿತು. ಸಂಕ್ರಾಂತಿಯ ಹಿಂದಿನ ದಿನಗಳಲ್ಲಿ ಇದೇ ಜಮಖಾನದ ಮೇಲೆ ಕೂತು ಕೊಬ್ಬರಿ, ಬೆಲ್ಲ ಕತ್ತರಿಸಿ ಎಳ್ಳಿನ ಪೊಟ್ಟಣ ಕಟ್ಟಬಹುದು. ಮಂಡ್ಯದ ಕಡೆಯಿಂದ ಬರುವವರು ಆಲೆಮನೆಯ ಅಚ್ಚುಬೆಲ್ಲ ತಂದರೆ ಆ ಕೆಲಸ ಇನ್ನೂ ರುಚಿ.

ಸೊಗಡಿನ ಅವರೆಕಾಯಿಯ ಜಿಡ್ಡು ಬಟ್ಟೆಗೆ ತಗುಲಿದರೆ ಕಲೆ ಸುಲಭವಾಗಿ ಹೋಗುವುದಿಲ್ಲ, ವಾಸನೆಯೂ ನಿಲ್ಲುತ್ತದೆ. ಸುಲಿಯುವಾಗ ಜಮಖಾನದ ಮೇಲೆ ಹಳೆಯ ಪಂಚೆಯನ್ನೋ ವೃತ್ತಪತ್ರಿಕೆಯನ್ನೋ ಹರಡಬೇಕು. ಇದಕ್ಕಾಗಿಯೇ ಹಾಸಿಗೆಗೆ ಹೊಲಿದ ಗವಸಿನ ಮೇಲೆ ಇನ್ನೊಂದು ತೆಳು ಹೊದಿಕೆಯನ್ನು, ಒಂದು ತುದಿಗೆ ದಾರ ಕಟ್ಟಿ ಬಿಚ್ಚಿ ತೊಳೆಯುವಂತೆ, ಹೊಲಿಸಿಕೊಳ್ಳಬೇಕೆಂದು ನನ್ನ ಒತ್ತಾಯ. ಈ ಅಂಗಡಿಯವರು ಕೇಳಿದರೆ ಹೊಲಿದುಕೊಡುತ್ತಾರೆ, ತಾವಾಗಿ ಹೇಳುವುದಿಲ್ಲ. ಊಟದ ನಂತರ ಜಮಖಾನ ತೆಗೆದು ಕೊಡವಿ, ಹಾಸಿಗೆಗಳನ್ನು ಬಿಡಿಸಿ ಹಾಸಿದರೆ ಕುಳಿತ ಜಾಗವೇ ಮಲಗುವ ಜಾಗವಾಗುತ್ತದೆ. ಮನೆಯವರಿಗೂ ಬಂದವರಿಗೂ ಇದರಲ್ಲಿ ಸಂಕೋಚದ ಮಾತಿಲ್ಲ.

ಇಂಥ ಅಂಗಡಿಗಳು ಮಂಡಿ ಮೊಹಲ್ಲಾದಲ್ಲಿ ಮಾತ್ರವೇನಿಲ್ಲ. ಊರಿನ ಬೇರೆ ಹಳೆಯ ಮೊಹಲ್ಲಾಗಳಲ್ಲಿಯೂ, ಮಂಡ್ಯದಲ್ಲಿಯೂ ವಿಚಾರಿಸಿದರೆ ಸಿಗುತ್ತವೆ. ಎಲ್ಲಿ ಮಾಡಿಸಿದರೂ ಅಂಗಡಿಯವರು ನಿಮ್ಮೆದುರಿಗೆ ತೂಕ ಮಾಡುತ್ತಾರೆಯೇ, ಅಂಚು ಬಿಚ್ಚಿ ಒಳಗಿನ ಅರಳೆ ತೋರಿಸುತ್ತಾರೆಯೇ, ಗಂಟುಗಳ ಅಂತರ ಎಷ್ಟಿಡುತ್ತಾರೆ, ಇವಿಷ್ಟನ್ನು ನೋಡಿಕೊಂಡು ಕೆಲಸ ಕೊಡಬಹುದು. ಸಂಕ್ರಾಂತಿಯ ನೆಂಟರಿಗೆ ಬೇಕೆನ್ನುವವರು ನವೆಂಬರ್ ಮಧ್ಯದೊಳಗೆ ಕೊಟ್ಟುಬಿಡುವುದು ಕ್ಷೇಮ, ಏಕೆಂದರೆ ಅಂಗಡಿ ಹೇಳಿದ ದಿನಕ್ಕೆ ಮೇಲೊಂದು ವಾರ ಸೇರಿಸಿಯೇ ಲೆಕ್ಕ ಹಾಕಬೇಕು, ಆಮೇಲೆ ಎರಡು ದಿನದ ಬಿಸಿಲೂ ಬೇಕು. ಗವಸಿನ ಬಟ್ಟೆಯನ್ನು ನೀವೇ ಕೊಡುವುದಾದರೆ ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಗೆದು, ಒಣಗಿಸಿ ಕೊಡಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತದೆ, ಅಳತೆ ತೆಗೆಯುವುದು ಕುಗ್ಗಿದ ಮೇಲೆಯೇ ಆಗಬೇಕು.